ಮನೆಯ ಕೋವಿಯನ್ನು ವಹಿಸಿಕೊಳ್ಳುವವರಿಗೆ

ನಮ್ಮ ಕೊಡಗಿನಲ್ಲಿ ಕೋವಿ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. 1861ರಲ್ಲಿ ಬ್ರಿಟಿಷರು ಕೊಟ್ಟ ವಿನಾಯಿತಿ ಇನ್ನೂ ಇದೆ. ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ 2029ರ ತನಕ ಲೈಸೆನ್ಸ್ ಬೇಕಿಲ್ಲ, ವಿನಾಯಿತಿ ಪತ್ರ ಸಾಕು. ಸರ್ಕಾರ ಇಷ್ಟು ನಂಬಿರುವಾಗ ಮನೆಯ ಕಟ್ಟುಪಾಡು ಕಾನೂನಿಗಿಂತ ಬಿಗಿಯಾಗಿರಬೇಕು ಎನ್ನುವವಳು ನಾನು. ಗಂಡ ಸೈನ್ಯದಲ್ಲಿದ್ದಾಗ ವಿರಾಜಪೇಟೆ ಕಡೆಯ ತೋಟದ ಮನೆಯಲ್ಲಿ ಮಕ್ಕಳನ್ನೂ ಜೋಡಿ ನಳಿಕೆಯ ಕೋವಿಯನ್ನೂ ಕಾದುಕೊಂಡಿದ್ದೆ. ಒಕ್ಕದ, ಅಂದರೆ ನಮ್ಮ ಕುಲದ ಮನೆತನದ, ಹುಡುಗ ಹುಡುಗಿಯರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಕೋವಿ ಒಂದು ಕೋಣೆಯಲ್ಲಿ, ಕಾಡತೂಸು ಇನ್ನೊಂದರಲ್ಲಿ, ಎರಡಕ್ಕೂ ಬೀಗ. ಕೈಗೆ ತೆಗೆದುಕೊಂಡಾಗಲೆಲ್ಲ ಕೋವಿಯನ್ನು ಮಡಚಿ ತೆರೆದು, ಎರಡೂ ನಳಿಕೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ‘ಈಗಷ್ಟೇ ನೋಡಿದೆ’ ಎಂದು ಯಾರೇ ಹೇಳಿದರೂ ಮತ್ತೆ ನೋಡಿ.

ರಾತ್ರಿ ನಾಯಿ ಬೊಗಳಿದರೆ ಏನು ಮಾಡಬೇಕೆಂದು ಹಗಲೇ ತೀರ್ಮಾನಿಸಿ. ಮೊದಲು ಹೊರಗಿನ ದೀಪ ಹಾಕಿ, ಒಳಗಿನಿಂದಲೇ ಕೂಗಿ ಕೇಳಿ, 112ಕ್ಕೆ ಫೋನು ಮಾಡಿ. ಬಾಗಿಲು ತೆರೆದು ಕತ್ತಲೆಗೆ ಇಳಿಯಬೇಡಿ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕಿಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತೆಯೂ ಇಲ್ಲ. ಮಲಗಿರುವ ಮಕ್ಕಳ ಮೇಲೆ ಕತ್ತಿ ಎತ್ತಿ ಬಂದವನಿಗೆ ಅಡ್ಡ ನಿಲ್ಲುವುದು ನನ್ನ ಪ್ರಕಾರ ಕರ್ತವ್ಯ. ಕಾಳುಮೆಣಸಿನ ಚೀಲ ಹೊತ್ತು ಓಡುವವನ ಬೆನ್ನಿಗೆ ಗುಂಡು ಹೊಡೆಯುವುದು ಪಾಪ. ಮೆಣಸು ಮುಂದಿನ ವರ್ಷವೂ ಬಿಡುತ್ತದೆ.

ಸದ್ದಿಗೆ ಗುಂಡು ಹೊಡೆಯಲೇಬೇಡಿ. ಕಾಫಿ ಗಿಡದ ಸಂದಿಯಲ್ಲಿ ಅಲುಗಿದ್ದು ಸೌದೆ ಆರಿಸಲು ಬಂದ ಹೆಂಗಸಾಗಿರಬಹುದು. ಹಂದಿ ಎಂದುಕೊಂಡು ಮನುಷ್ಯರನ್ನು ಹೊಡೆದ ಪ್ರಕರಣಗಳು ನಮ್ಮ ಜಿಲ್ಲೆಯಲ್ಲಿ ನಡೆದಿವೆ.

ಆಯುಧ ಪೂಜಿಸುವ ನಮ್ಮ ಹಬ್ಬ ಕೈಲ್‌ಪೊಳ್ದಿನಲ್ಲಿ ನಳಿಕೆಗೆ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜೆಗಿಡುವ ಕೋವಿಯೂ ಖಾಲಿಯಿರಲಿ. ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಮೊದಲ ಗ್ಲಾಸಿಗೆ ಮುಂಚೆಯೇ ಮುಗಿಯಬೇಕು. ಕುಡಿದವರ ಕೈಗೆ, ಅವರು ಮಾವನೇ ಆಗಿರಲಿ, ಕೊಡಬೇಡಿ. ಸಂಭ್ರಮಕ್ಕೆಂದು ಬೇಕಾಬಿಟ್ಟಿ ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲಾಗಬಹುದು.

ಇನ್ನೊಂದು ಮಾತನ್ನು ಹಿರಿಯರು ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಕೋವಿಯಿರುವ ಮನೆಗೆ ಅಪಾಯ ಹೊರಗಿನಿಂದಲೇ ಬರಬೇಕೆಂದಿಲ್ಲ. ಯಾರಾದರೂ ಊಟ, ಮಾತು ಬಿಟ್ಟಿದ್ದರೆ, ಸಾಲದ ಕೊರಗಿನಲ್ಲಿದ್ದರೆ, ‘ನಾನಿಲ್ಲದಿದ್ದರೆ ನಿಮಗೆಲ್ಲ ಆರಾಮ’ ಎಂದರೆ ಅದೇ ದಿನ ಕೋವಿ ಮನೆಯಿಂದ ಹೊರಗೆ ಹೋಗಲಿ. ಬೀಗ ಹಾಕಿದರೆ ಸಾಲದು, ಬೀಗದ ಕೈ ಎಲ್ಲಿದೆಯೆಂದು ಮನೆಯವರಿಗೆ ಗೊತ್ತಿರುತ್ತದೆ. ಠಾಣೆಯಲ್ಲೋ ಪರವಾನಗಿಯುಳ್ಳ ಕೋವಿ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ತನ್ನಿ. ಒಕ್ಕದ ಮಾನ ಹೋಯಿತೆಂದು ದೊಡ್ಡವರು ಗದರಿದರೂ ಒಯ್ಯಿರಿ. ಆಮೇಲೆ ಆ ಮನುಷ್ಯನ ಪಕ್ಕ ಕುಳಿತು ನೇರವಾಗಿ ಕೇಳಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಕೋವಿ ವಾಪಸು ತರುವ ದಿನವನ್ನು ವೈದ್ಯರನ್ನು ಕೇಳಿಯೇ ಗೊತ್ತುಮಾಡಿ.