‘ಬ’ ಎಂದರೆ ಬಂಗಡೆಯಲ್ಲ

ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಎರಡು ಚರಾಕ್ಷರಗಳ ಸಮೀಕರಣಗಳಲ್ಲಿ ಮಕ್ಕಳು ಎಡವುವುದು ಬಿಡಿಸುವಾಗ ಎಂದೇ ಬಹಳ ವರ್ಷ ನಂಬಿದ್ದೆ. ಆದೇಶ ವಿಧಾನ, ವರ್ಜಿಸುವ ವಿಧಾನ ಎರಡನ್ನೂ ಮತ್ತೆ ಮತ್ತೆ ಮಾಡಿಸುತ್ತಿದ್ದೆ. ತಪ್ಪು ಅದಕ್ಕೂ ಮೊದಲೇ ಆಗಿರುತ್ತದೆ ಎಂದು ತೋರಿಸಿಕೊಟ್ಟವಳು ಪೇಟೆಯಲ್ಲಿ ಮೀನು ಮಾರುವ ತಾಯಿಯ ಮಗಳೊಬ್ಬಳು.

ಅವಳಿಗೆಂದೇ ಒಂದು ಲೆಕ್ಕ ಕಟ್ಟಿದ್ದೆ. ಬಂಗಡೆ ಮೀನು, ಶೆಟ್ಲಿ (ಸಿಗಡಿ) ಸೇರಿ 12 ಪಾಲು, ಅಂದರೆ ಮಾರಲು ಹಾಕಿದ ಗುಪ್ಪೆ. ಬಂಗಡೆಯ ಪಾಲು ಶೆಟ್ಲಿಯ ಎರಡರಷ್ಟು. ಅವಳು ಬ + ಶ = 12, 2ಬ = ಶ ಎಂದು ಬರೆದಳು. ಬಿಡಿಸಿದ್ದರಲ್ಲಿ ಎಳ್ಳಷ್ಟೂ ತಪ್ಪಿಲ್ಲ: ಬ = 4, ಶ = 8. ಆದರೆ ಬಂಗಡೆಯೇ ಹೆಚ್ಚಿರಬೇಕಲ್ಲ ಎಂದೆ. “ಎರಡು ಬಂಗಡೆ ಪಾಲಿಗೆ ಒಂದು ಶೆಟ್ಲಿ ಪಾಲು ಅಲ್ವಾ ಅಕ್ಕೋರೇ?” ಎಂದಳು.

ಆಗ ಹೊಳೆಯಿತು. ಅವಳ ಪಾಲಿಗೆ ‘ಬ’ ಬಂಗಡೆಯೇ ಆಗಿತ್ತು; ‘2ಬ = ಶ’ ಎಂದರೆ ಎರಡಕ್ಕೊಂದು ಎಂದು ಜೋಡಿಸಿಟ್ಟ ಹಾಗೆ. ‘ಬ’ ಬಂಗಡೆ ಪಾಲುಗಳ ಸಂಖ್ಯೆ ಎಂದು ಓದಿದರೆ ಬ = 2ಶ ಆಗಬೇಕು, ಉತ್ತರ 8 ಮತ್ತು 4. ನೆನಪಿಗೆ ಸುಲಭವೆಂದು ಮೀನಿನ ಮೊದಲಕ್ಷರ ಹಿಡಿಸಿದವಳು ನಾನೇ. ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಅವ್ಯಕ್ತ ರಾಶಿಗೆ ‘ಯಾವತ್ ತಾವತ್’ ಎಂಬ ಹೆಸರಿದೆ: ಎಷ್ಟೋ ಅಷ್ಟು. ವಸ್ತುವಿನ ಸುಳಿವೇ ಇಲ್ಲ, ಬರೀ ಪ್ರಮಾಣ. ಎಷ್ಟು ಚೆಂದದ ಹೆಸರು!

ಅಂದಿನಿಂದ ಸಮೀಕರಣಕ್ಕೆ ಮೊದಲು ಒಂದು ಪೂರ್ಣ ವಾಕ್ಯ ಬರೆಸುತ್ತೇನೆ. ಮುಂದಿನ ಲೆಕ್ಕಕ್ಕೆ ಅವಳು ಬರೆದದ್ದು, ‘ಬ ಎಂದರೆ ಒಂದು ಪಾಲು ಬಂಗಡೆಯ ಬೆಲೆ, ರೂಪಾಯಿಯಲ್ಲಿ.’ ಒಬ್ಬರು 3 ಪಾಲು ಬಂಗಡೆ, 2 ಪಾಲು ಶೆಟ್ಲಿಗೆ 600 ಕೊಟ್ಟರು. ಇನ್ನೊಬ್ಬರು 2 ಬಂಗಡೆ, 3 ಶೆಟ್ಲಿಗೆ 650.

3ಬ + 2ಶ = 600
2ಬ + 3ಶ = 650

ಇಂಥ ಅದಲುಬದಲು ಸಹಗುಣಕಗಳಿದ್ದರೆ ಗುಣಾಕಾರಕ್ಕೆ ಹೋಗುವುದೇ ಬೇಡ. ಕೂಡಿಸಿ 5ರಿಂದ ಭಾಗಿಸಿದರೆ ಬ + ಶ = 250. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಶ − ಬ = 50. ಅಲ್ಲಿಗೆ ಶ = 150, ಬ = 100. ಕಳೆಯುವಾಗ ಚಿಹ್ನೆ ತಪ್ಪಿಸುವ ಮಕ್ಕಳಿಗೆ ಕಳೆಯುವುದನ್ನೇ ಬಿಡಿಸಿದ್ದೇನೆ: −1ರಿಂದ ಗುಣಿಸಿ, ಕೂಡಿಸಿ. ತಾಳೆ ನೋಡುವುದು ಎರಡೂ ಸಮೀಕರಣಗಳಲ್ಲಿ.

ಕೊನೆಗೆ ಇನ್ನೊಂದು ಕೊಟ್ಟೆ: 3 ಬಂಗಡೆ, 2 ಶೆಟ್ಲಿಗೆ 600, 6 ಬಂಗಡೆ, 4 ಶೆಟ್ಲಿಗೆ 1100. ಮೊದಲನೆಯದನ್ನು ಎರಡರಿಂದ ಗುಣಿಸಿದಳು, ಎಡಬದಿ ಒಂದೇ ಆಯಿತು, ಬಲಕ್ಕೆ 1200 ಮತ್ತು 1100. ನಕ್ಷೆಯಲ್ಲಿ ಎಳೆದರೆ ಎರಡು ಸಮಾಂತರ ರೇಖೆಗಳು. ಪರಿಹಾರವಿಲ್ಲ ಎಂದು ಬರೆದು ಮುಗಿಸಬಹುದಿತ್ತು. ಅವಳು ಪೆನ್ನು ಹಿಡಿದು ಕೂತೇ ಇದ್ದಳು.

“ಇವ್ರು ಸಂಜೆಗೆ ಬಂದಿರ್ಬೇಕು ಅಕ್ಕೋರೇ. ಕತ್ಲಾಗ್ತಾ ಬಂದ್ರೆ ಆಯಿ ದರ ಇಳಿಸ್ತಾಳೆ.”

ಮೇಲಿನ ವಾಕ್ಯಕ್ಕೆ ಹಿಂದಿರುಗಿ, ‘ಬೆಲೆ’ಯ ಮುಂಚೆ ‘ಬೆಳಗಿನ’ ಎಂದು ಸೇರಿಸಿದಳು.