ಬಾಲ್ ಪೈಥಾನ್ ಬಣ್ಣದ ಲೆಕ್ಕ: ಶಿರಸಿಯಿಂದ ನನ್ನ ಅನುಭವ

ಶಿರಸಿ ಕಡೆ ಹಾವು ಸಾಕಿದ್ದೇನೆ ಅಂದರೆ "ಹೆಬ್ಬಾವಾ?" ಅಂತಲೇ ಕೇಳುತ್ತಾರೆ. ಅಲ್ಲ. ನಮ್ಮ ಕಾಡಿನ ಹೆಬ್ಬಾವನ್ನು ಮನೆಯಲ್ಲಿ ಇಡುವ ಹಾಗೇ ಇಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ನನ್ನ ಹತ್ತಿರ ಇರುವುದು ಆಫ್ರಿಕಾದ ಬಾಲ್ ಪೈಥಾನ್, ಹೆಬ್ಬಾವಿನ ಬಳಗದ್ದೇ ಆದರೂ ಚಿಕ್ಕ ಹಾವು. ಇದನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಮರಿ ಹುಟ್ಟಿದರೂ ತಿಳಿಸಬೇಕು. ಅದಾದ ಮೇಲೆಯೇ ಬಣ್ಣದ ಮಾತು.

ನನಗೆ ಬೇಕಾಗಿದ್ದು ಪೈಬಾಲ್ಡ್, ಚಿಕ್ಕದಾಗಿ ಪೈಡ್. ಮೈಮೇಲೆ ಅಲ್ಲಲ್ಲಿ ಬಣ್ಣವೇ ಇಲ್ಲದೆ ಅಚ್ಚ ಬಿಳಿ ಇರುವ ಹಾವು. ಈ ಗುಣ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣುತ್ತದೆ. ಒಬ್ಬರಿಂದ ಬಂದರೆ ಮರಿ ಸಾದಾ ಕಂದು-ಕಪ್ಪೇ, ಗುಣ ಒಳಗೆ ಅಡಗಿರುತ್ತದೆ. ಅದನ್ನೇ ಹೆಟ್ ಅನ್ನುವುದು. ನಾನು ಸೇರಿಸಿದ್ದು ಎರಡು ಹೆಟ್‌ಗಳನ್ನು. ಆಗ ಪೈಡ್ ಆಗುವ ಅವಕಾಶ ನಾಲ್ಕರಲ್ಲಿ ಒಂದು. ಹಾಗಂತ ನಾಲ್ಕು ಮೊಟ್ಟೆಗೆ ಒಂದು ಗ್ಯಾರಂಟಿ ಅಲ್ಲ, ಪ್ರತಿ ಮೊಟ್ಟೆಗೂ ಹೊಸದಾಗಿ ಚೀಟಿ ಎತ್ತಿದ ಹಾಗೆ. ಸಾದಾ ಕಾಣುವ ಮರಿ ಹೆಟ್ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು, ಆದರೆ ನೋಡಿ ಹೇಳೋಕಾಗಲ್ಲ. ಅದಕ್ಕೇ ಯಾವ ಮರಿ ಯಾವ ಜೋಡಿಯದ್ದು ಅಂತ ಡಬ್ಬಿ ಮೇಲೆ ಬರೆದು ಅಂಟಿಸುತ್ತೇನೆ. ದಾಖಲೆ ಇಲ್ಲದೆ ಸುಮ್ನೆ "ಇದು ಹೆಟ್" ಅಂದರೆ ನಾನು ನಂಬುವುದಿಲ್ಲ.

ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮಗುಚದೆ, ಒದ್ದೆ ಪರ್ಲೈಟ್ (ತೇವ ಹಿಡಿದಿಡುವ ಹಗುರ ಬಿಳಿ ಹರಳು) ಮೇಲೆ 31-32 ಡಿಗ್ರಿಯಲ್ಲಿ ಇಡಬೇಕು. 55-60 ದಿನ ಬೇಕು. ನಮ್ಮಲ್ಲಿ ಮೇ ತಿಂಗಳ ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ, ಹಾಗಾಗಿ ಇನ್‌ಕ್ಯುಬೇಟರ್‌ಗೆ ಇನ್ವರ್ಟರ್ ಬೇಕೇ ಬೇಕು.

ಪೈಡ್ ಬಂತು! ಎಷ್ಟು ಖುಷಿಯಾಯಿತು ಅಂದರೆ, ರಾತ್ರಿ ನಿದ್ದೆ ಬರಲಿಲ್ಲ. ಒಡಹುಟ್ಟಿದ ಪೈಡ್ ಮರಿಗಳಲ್ಲೂ ಬಿಳಿ ಒಂದೇ ಸಮ ಇರಲಿಲ್ಲ. ಒಂದರ ಮೈಯೆಲ್ಲ ಬಿಳಿ, ನಡುವೆ ಕೆಲವೇ ಕಂದು ತೇಪೆ. ಇನ್ನೊಂದಕ್ಕೆ ಬಾಲದ ಕಡೆ ಮಾತ್ರ ಬಿಳಿ. ಅಪ್ಪ ಅಮ್ಮನನ್ನು ಎಷ್ಟೇ ಆರಿಸಿದರೂ ಬಿಳಿ ಎಷ್ಟು ಅನ್ನುವುದು ನಮ್ಮ ಕೈಯಲ್ಲಿಲ್ಲ.

ಸ್ಪೈಡರ್ ಅನ್ನುವ ಮಾರ್ಫ್ (ಬಣ್ಣ-ವಿನ್ಯಾಸದ ಬಗೆ) ಮಾತ್ರ ನಾನು ಮುಟ್ಟುವುದಿಲ್ಲ. ಬಲೆಯಂಥ ತೆಳು ಗೆರೆ, ಚಂದವೇ. ಆದರೆ ಆ ಜೀನ್ ಒಂದು ಪ್ರತಿ ಇದ್ದರೂ ಸಾಕು, ಹಾವಿನ ಒಳಕಿವಿ ಸರಿಯಾಗಿ ಬೆಳೆಯುವುದಿಲ್ಲ. ತಲೆ ಓಲಾಡುತ್ತದೆ. ಈ ಓಲಾಟ ಜಾಸ್ತಿ ಇರುವ ಹಾವುಗಳು ಇಲಿ ಹಿಡಿಯಲು ಹೋಗಿ ಗುರಿ ತಪ್ಪುತ್ತವೆ. ನಮ್ಮ ಕಣ್ಣಿನ ಖುಷಿಗೆ ಅದು ಜೀವನಪೂರ್ತಿ ಒದ್ದಾಡಬೇಕಾ? ಬೇರೆ ಬಣ್ಣ ಬೇಕಾದರೆ ಪಾಸ್ಟಲ್ ಇದೆ, ಹಳದಿ ಚೆನ್ನಾಗಿ ಎದ್ದು ಕಾಣುತ್ತದೆ, ಒಂದು ಪ್ರತಿ ಇದ್ದರೂ ಮರಿಯಲ್ಲೇ ಗೊತ್ತಾಗುತ್ತದೆ. ಮುಂದಿನ ಸಲ ಪೈಡ್ ಜೊತೆ ಅದನ್ನೇ ಸೇರಿಸುತ್ತೇನೆ.