ಮನೆಯಲ್ಲಿ ಫೋನಿದೆ, ಯಾರ ಕೈಯಲ್ಲಿದೆ?

ಒಂಬತ್ತು ವರ್ಷದಿಂದ ನಾನು ಮನೆಮನೆ ಸರ್ವೆ ಕೆಲಸ ಮಾಡುತ್ತಿದ್ದೇನೆ. ಮೊದಲು ಫಾರಂ ತುಂಬುವವಳಾಗಿದ್ದೆ, ಈಗ ಆರು ಜನರ ತಂಡ ನೋಡಿಕೊಳ್ಳುತ್ತೇನೆ. ಕುಡಿಯುವ ನೀರು, ಶೌಚಾಲಯ, ರೇಷನ್ನು, ಎಲ್ಲದರ ಲೆಕ್ಕ ಬರೆದಿದ್ದೇನೆ. ಆದರೆ ಫೋನು, ಕಂಪ್ಯೂಟರು, ನೆಟ್ಟು ಯಾರಿಗೆ ಎಷ್ಟು ಸಿಗುತ್ತಿದೆ ಎಂಬ ಲೆಕ್ಕದಷ್ಟು ಕೈಜಾರುವುದು ಇನ್ನೊಂದಿಲ್ಲ. ಬಾವಿ ಅಂಗಳದಲ್ಲಿರುತ್ತದೆ, ಕಣ್ಣಿಗೆ ಕಾಣುತ್ತದೆ. ಫೋನು ಯಾರದೋ ಜೇಬಿನಲ್ಲಿರುತ್ತದೆ. ಜೇಬಿನ ಜೊತೆ ಅದೂ ಪೇಟೆಗೆ ಹೋಗಿಬಿಡುತ್ತದೆ.

ಈ ವಿಷಯದ ಸರ್ವೆಗೆ ಮೊದಲ ಸಲ ಹೋದಾಗ ನಮಗೆ ಕೊಟ್ಟ ಫಾರಂನಲ್ಲಿ ಒಂದು ಪ್ರಶ್ನೆ ಹೀಗಿತ್ತು: "ತಮ್ಮ ಕುಟುಂಬದಲ್ಲಿ ಅಂತರ್ಜಾಲ ಸಂಪರ್ಕ ಸೌಲಭ್ಯ ಲಭ್ಯವಿದೆಯೇ?" ಹೊಸನಗರ ತಾಲ್ಲೂಕಿನ ಒಂದು ಮನೆಯ ಜಗಲಿಯಲ್ಲಿ ಕೂತು ಇದನ್ನು ಓದಿದೆ. ಯಜಮಾನರು ಅಡಿಕೆ ಸುಲಿಯುತ್ತಾ ಕೂತಿದ್ದರು. "ಅಂಥದ್ದೆಲ್ಲ ನಮ್ಮನೇಲಿ ಇಲ್ಲ ಮಾರಾಯ್ತಿ" ಅಂದರು. ನಾನು 'ಇಲ್ಲ' ಎಂದು ಗುರುತು ಹಾಕಿದೆ. ಅಷ್ಟರಲ್ಲಿ ಒಳಗಿನಿಂದ ಚೆಂಡೆ ಸದ್ದು ಕೇಳಿತು. ಮೊಮ್ಮಗ ಯೂಟ್ಯೂಬಿನಲ್ಲಿ ಯಕ್ಷಗಾನ ಹಾಕಿಕೊಂಡಿದ್ದ.

ಅವರು ಸುಳ್ಳು ಹೇಳಿರಲಿಲ್ಲ. ನಾವು ಕೇಳಿದ್ದೇ ಅವರಿಗೆ ಅರ್ಥವಾಗಿರಲಿಲ್ಲ. ಆ ರಾತ್ರಿಯೇ ಕೂತು ಪ್ರಶ್ನೆಗಳನ್ನು ಊರಿನ ಮಾತಿಗೆ ತಿರುಗಿಸಿದೆವು. ಸ್ಮಾರ್ಟ್‌ಫೋನ್ ಅಂದರೆ 'ಟಚ್ ಫೋನ್', ಇನ್ನೊಂದು 'ಬಟನ್ ಫೋನ್'. ರೀಚಾರ್ಜ್ ಅಂದರೆ 'ಕರೆನ್ಸಿ ಹಾಕಿಸೋದು'. ಇಂಟರ್ನೆಟ್ ಅನ್ನುವ ಬದಲು "ವಾಟ್ಸಾಪ್ ನೋಡ್ತೀರಾ? ಯೂಟ್ಯೂಬ್ ನೋಡ್ತೀರಾ? ಫೋನಲ್ಲೇ ದುಡ್ಡು ಕಳಿಸ್ತೀರಾ?" ಎಂದು ಒಂದೊಂದಾಗಿ ಕೇಳಿದೆವು. ವಾಟ್ಸಾಪ್ ಬಳಸುವ ಎಷ್ಟೋ ಜನ ತಾವು ಇಂಟರ್ನೆಟ್ ಬಳಸುವುದಿಲ್ಲ ಎಂದೇ ನಂಬಿದ್ದಾರೆ. ಅವರ ಲೆಕ್ಕದಲ್ಲಿ ಇಂಟರ್ನೆಟ್ ಅಂದರೆ ಕಂಪ್ಯೂಟರ್ ಅಂಗಡಿಯಲ್ಲಿ ಇರುವಂಥದ್ದು.

ಈ ಕೆಲಸಕ್ಕೆ ಒಂದು ಕೈಪಿಡಿ ಇದೆ. ವಿಶ್ವಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಅದನ್ನು 2009ರಲ್ಲಿ ಹೊರತಂದಿತು. 2014ರಲ್ಲಿ, ಮತ್ತೆ 2020ರಲ್ಲಿ ತಿದ್ದಿತು. ಅದರಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದದ್ದು ಒಂದೇ ಮಾತು. ಇಡೀ ಮನೆಗೆ ಕೇಳುವ ಪ್ರಶ್ನೆ ಬೇರೆ, ಮನೆಯ ಒಬ್ಬೊಬ್ಬರಿಗೆ ಕೇಳುವ ಪ್ರಶ್ನೆ ಬೇರೆ. ರೇಡಿಯೊ, ಟಿವಿ, ಕಂಪ್ಯೂಟರು, ನೆಟ್ ಸಂಪರ್ಕ, ಇವು ಮನೆಯ ಲೆಕ್ಕಕ್ಕೆ. ಫೋನು ನಿಮ್ಮದಾ, ನೆಟ್ ಬಳಸಿದ್ದೀರಾ, ಏನಕ್ಕೆ ಬಳಸಿದ್ದೀರಿ, ಇವು ಒಬ್ಬೊಬ್ಬರ ಲೆಕ್ಕಕ್ಕೆ. ಎರಡನ್ನೂ ಕಲಸಿಬಿಟ್ಟರೆ ಸರ್ವೆ ಮಾಡಿಯೂ ಪ್ರಯೋಜನವಿಲ್ಲ.

ಯಾಕೆ ಅಂತ ದೇಶದ ಅಂಕಿಗಳನ್ನೇ ನೋಡಿ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017ರ ಜುಲೈನಿಂದ 2018ರ ಜೂನ್‌ವರೆಗೆ ನಡೆಯಿತು. ಆಗ ದೇಶದ 100 ಮನೆಗಳಲ್ಲಿ ಸುಮಾರು 24ಕ್ಕೆ ಮಾತ್ರ ಇಂಟರ್ನೆಟ್ ಇತ್ತು. ಹಳ್ಳಿಗಳಲ್ಲಿ 15, ಪಟ್ಟಣಗಳಲ್ಲಿ 42. 2025ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ದೂರಸಂಪರ್ಕ ಸಮೀಕ್ಷೆಯಲ್ಲಿ ಅದು 86 ದಾಟಿದೆ. ಓದಿದರೆ ಖುಷಿಯಾಗುತ್ತದೆ. ಇನ್ನೊಂದು ಕಡೆ, 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೆಂಗಸರನ್ನೂ ಗಂಡಸರನ್ನೂ ಬೇರೆ ಬೇರೆ ಕೂರಿಸಿ ಕೇಳಿತು: ಯಾವತ್ತಾದರೂ ಇಂಟರ್ನೆಟ್ ಬಳಸಿದ್ದೀರಾ? ಕರ್ನಾಟಕದಲ್ಲಿ 100 ಗಂಡಸರಲ್ಲಿ ಸುಮಾರು 62 ಜನ ಹೌದು ಅಂದರು. ಹೆಂಗಸರಲ್ಲಿ 35. ಇವರೆಲ್ಲ ಇರುವುದು ಅದೇ ಮನೆಗಳಲ್ಲಿ ಅಲ್ವಾ? ಮನೆಯ ಲೆಕ್ಕವೊಂದನ್ನೇ ತೆಗೆದಿದ್ದರೆ ಈ ಅಂತರ ಕಾಣುತ್ತಲೇ ಇರಲಿಲ್ಲ.

ಇನ್ನು ನಾವು ಮಾಡಿದ್ದು ಹೇಗೆ ಅಂತ ಹೇಳುತ್ತೇನೆ.

ಮೊದಲು ಊರಿನ ಎಲ್ಲ ಮನೆಗಳ ಪಟ್ಟಿ. ಒಂದೇ ಒಲೆಯಲ್ಲಿ ಉಣ್ಣುವವರು ಒಂದು ಕುಟುಂಬ. ಒಂದೇ ಸೂರಿನಡಿ ಅಣ್ಣ ತಮ್ಮ ಬೇರೆ ಬೇರೆ ಅಡುಗೆ ಮಾಡಿಕೊಂಡರೆ ಎರಡು ಕುಟುಂಬ. ಈ ಪಟ್ಟಿಯಿಂದ ಇಂತಿಷ್ಟು ಮನೆಗೆ ಒಂದರಂತೆ ಆರಿಸುತ್ತೇವೆ. ಆರಿಸಿದ ಮನೆ ಹಳ್ಳದ ಆಚೆಗಿದ್ದರೂ ಅಲ್ಲಿಗೇ ಹೋಗಬೇಕು. ಬೀಗ ಹಾಕಿದ್ದರೆ ಮೂರು ಸಲ ಹೋಗಬೇಕು. "ಪಕ್ಕದ ಮನೇದು ತಗೊಂಡ್ರೆ ಆಗಲ್ವಾ ಮೇಡಂ?" ಎಂದು ಹೊಸ ಹುಡುಗರು ಕೇಳುತ್ತಾರೆ. ಆಗಲ್ಲ. ರಸ್ತೆ ಬದಿಯ ಮನೆಗಳಿಗೆ ಸಿಗ್ನಲ್ಲೂ ಚೆನ್ನಾಗಿರುತ್ತದೆ, ನಡೆಯುವುದೂ ಸುಲಭ. ಸುಲಭದ ಮನೆಗಳಿಗೇ ಹೋದರೆ ಊರಿಗೆ ಊರೇ ಮುಂದುವರಿದ ಹಾಗೆ ಕಾಣುತ್ತದೆ.

ಒಲೆಯ ಲೆಕ್ಕ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ. "ಕಂಪ್ಯೂಟರ್ ಇದೆಯಾ ಅಮ್ಮಾ?" ಅಂದರೆ, "ಇದೆ, ಮಗಂದು ಲ್ಯಾಪ್‌ಟಾಪ್ ಇದೆ" ಅನ್ನುತ್ತಾರೆ. ಮಗ ಇರುವುದು ಬೆಂಗಳೂರಿನಲ್ಲಿ. ಲ್ಯಾಪ್‌ಟಾಪ್ ಊರಿಗೆ ಬರುವುದು ದೀಪಾವಳಿಗೆ ಒಂದ್ಸಲ, ಬೇಸಿಗೆಗೆ ಒಂದ್ಸಲ. ತಾಯಿಗೆ ಮಗ ಯಾವತ್ತೂ ಮನೆಯವನೇ. ಅವನು ಇಲ್ಲಿ ಲೆಕ್ಕಕ್ಕಿಲ್ಲ ಎಂದು ಅವರ ಎದುರು ಹೇಳುವುದಕ್ಕೆ ನನಗೆ ಬಾಯಿ ಬರುವುದಿಲ್ಲ. "ಈಗ ಮನೇಲಿ ಊಟಕ್ಕೆ ಎಷ್ಟು ಜನ ಅಮ್ಮಾ?" ಎಂದು ಕೇಳುತ್ತೇನೆ. "ನಾನು, ಇವರು, ಇಬ್ಬರೇ" ಅನ್ನುತ್ತಾರೆ. ಅಲ್ಲಿಗೆ ಲ್ಯಾಪ್‌ಟಾಪ್ ತಾನಾಗಿ ಪಟ್ಟಿಯಿಂದ ಹೋಗುತ್ತದೆ.

ಸಾಮಾನುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೆಟ್ಟು ಮೂಲೆ ಸೇರಿ, ಮೇಲೆ ಕಸೂತಿ ಬಟ್ಟೆ ಹೊದ್ದ ಟಿವಿಯನ್ನು ನಾವು ಎಣಿಸುವುದಿಲ್ಲ. ರಿಪೇರಿಗೆ ಕೊಟ್ಟಿದ್ದರೆ ಎಣಿಸುತ್ತೇವೆ. ಟ್ಯಾಬ್ ಕಂಪ್ಯೂಟರ್ ಲೆಕ್ಕಕ್ಕೆ ಬರುತ್ತದೆ, ಟಚ್ ಫೋನ್ ಬರುವುದಿಲ್ಲ. ಫೋನಿನೊಳಗಿನ ರೇಡಿಯೊ ಕೂಡ ರೇಡಿಯೊನೇ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ರೇಡಿಯೊ ಇಲ್ಲ ಎಂದು ಬರೆದುಬಿಟ್ಟಿದ್ದೆವು.

ನಿಜವಾದ ಕಷ್ಟ ಇರುವುದು ಯಾರನ್ನು ಕೇಳಬೇಕು ಅನ್ನುವುದರಲ್ಲಿ. ಮನೆಗೆ ಹೋದ ತಕ್ಷಣ ಮುಂದೆ ಬಂದು ಕೂರುವವರು ಯಜಮಾನರು, ಇಲ್ಲವೇ ಕಾಲೇಜಿಗೆ ಹೋಗುವ ಮಗ. ಅವರೇ ಎಲ್ಲರ ಪರವಾಗಿ ಹೇಳಿ ಮುಗಿಸುತ್ತಾರೆ. ನನ್ನ ಮೊದಲ ಸರ್ವೆಯಲ್ಲಿ ನಾನು ಅದನ್ನೇ ಬರೆದುಕೊಂಡು ಬಂದೆ. ದಿನಕ್ಕೆ ಹನ್ನೆರಡು ಮನೆ ಮುಗಿಯುತ್ತಿತ್ತು. ಆಮೇಲೆ ಅನುಮಾನ ಬಂದು ಕೆಲವು ಮನೆಗೆ ಮತ್ತೆ ಹೋಗಿ ಒಬ್ಬೊಬ್ಬರನ್ನೇ ಮಾತಾಡಿಸಿದೆ. ಒಂದು ಮನೆಯಲ್ಲಿ ಗಂಡ, "ಅವಳಿಗೆ ಅದೆಲ್ಲ ಗೊತ್ತಾಗಲ್ಲ, ಕಾಲ್ ಬಂದ್ರೆ ಎತ್ತುತ್ತಾಳೆ ಅಷ್ಟೇ" ಅಂದಿದ್ದರು. ಹೆಂಡತಿ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಂಡು ಬಂದು ಫೋನು ತೋರಿಸಿದರು. ಹೊಲಿಗೆ ಮಾಡುತ್ತಾರೆ. ಬ್ಲೌಸ್ ಕತ್ತಿನ ಡಿಸೈನುಗಳನ್ನು ಯೂಟ್ಯೂಬಿನಲ್ಲಿ ನೋಡಿ ಕಲಿತಿದ್ದಾರೆ. ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಾರೆ. ಸಂಘದ ಕಂತಿನ ಲೆಕ್ಕವೂ ಅದರಲ್ಲೇ ಇದೆ. ಇನ್ನೊಂದು ಮನೆಯಲ್ಲಿ ಇದರ ತಿರುಗುಮುರುಗು. "ನಮ್ಮನೇಲಿ ಎಲ್ಲರೂ ನೆಟ್ ಬಳಸ್ತಾರೆ" ಎಂದು ಮಗ ಬರೆಸಿದ್ದ. ಅವನ ಅಜ್ಜಿಗೆ ಟಚ್ ಫೋನಿನಲ್ಲಿ ಕರೆ ಎತ್ತುವುದೂ ಬರುತ್ತಿರಲಿಲ್ಲ.

ಅಲ್ಲಿಂದ ಮುಂದೆ ನಾವು ಪದ್ಧತಿ ಬದಲಾಯಿಸಿದೆವು. ಮನೆಯ ಪ್ರಶ್ನೆಗಳಿಗೆ ಯಾರಾದರೂ ಉತ್ತರ ಕೊಡಲಿ. ಒಬ್ಬೊಬ್ಬರಿಗೆ ಕೇಳುವ ಪ್ರಶ್ನೆಗಳಿಗೆ ಮಾತ್ರ ಮನೆಯ ಒಬ್ಬರನ್ನು ನಾವೇ ಆರಿಸುತ್ತೇವೆ, ಅದೂ ನಮ್ಮ ಇಷ್ಟದಂತೆ ಅಲ್ಲ. ಸಮೀಕ್ಷೆಯ ಪಂಡಿತ ಲೆಸ್ಲಿ ಕಿಶ್ 1949ರಲ್ಲಿ ಒಂದು ಕೋಷ್ಟಕ ಮಾಡಿಕೊಟ್ಟ. ಮನೆಯ ದೊಡ್ಡವರನ್ನೆಲ್ಲ ಗಂಡು, ಹೆಣ್ಣು, ವಯಸ್ಸಿನ ಪ್ರಕಾರ ಸಾಲಾಗಿ ಬರೆಯಬೇಕು. ಕೋಷ್ಟಕ ಯಾರ ನಂಬರ್ ತೋರಿಸುತ್ತದೋ ಅವರನ್ನೇ ಕೇಳಬೇಕು. ಎಪ್ಪತ್ತರ ಅಜ್ಜಿ ಬಂದರೆ ಅಜ್ಜಿಯನ್ನೇ. ಅವರು ಗದ್ದೆಗೆ ಹೋಗಿದ್ದರೆ ಕಾಯಬೇಕು, ಇಲ್ಲವೇ ಹಾಲು ಕರೆಯುವ ಹೊತ್ತು ಮುಗಿದ ಮೇಲೆ ಮತ್ತೆ ಬರಬೇಕು. ದಿನಕ್ಕೆ ಐದು ಮನೆ ಮುಗಿದರೆ ಹೆಚ್ಚು. ಕೆಲಸ ಕೊಟ್ಟ ಸಂಸ್ಥೆಯವರಿಗೆ ಇದು ಹಿಡಿಸಲಿಲ್ಲ, ಖರ್ಚು ಹೆಚ್ಚಾಯಿತು ಅಂದರು. ನಾನು ಎರಡೂ ಸಲದ ಫಾರಂಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದೆ. ಆಮೇಲೆ ಒಪ್ಪಿದರು.

ಹೀಗೆ ಒಬ್ಬರನ್ನೇ ಕೇಳಿದಾಗ ಲೆಕ್ಕ ಹಾಕುವಲ್ಲಿ ಒಂದು ಎಚ್ಚರ ಬೇಕು. ಆರು ಜನ ದೊಡ್ಡವರಿರುವ ಮನೆಯಲ್ಲಿ ಆಯ್ಕೆಯಾದ ಒಬ್ಬ ಸೊಸೆ ಆರು ಜನರ ಪರವಾಗಿ ಮಾತಾಡಿದ ಹಾಗೆ. ಒಂಟಿಯಾಗಿರುವ ಮುದುಕ ತನ್ನೊಬ್ಬನ ಪರವಾಗಿ. ಆದ್ದರಿಂದ ಸೊಸೆಯ ಉತ್ತರಕ್ಕೆ ಆರು ಪಾಲು ತೂಕ, ಮುದುಕನ ಉತ್ತರಕ್ಕೆ ಒಂದು ಪಾಲು. ಇಬ್ಬರನ್ನೂ ಸುಮ್ನೆ ಒಂದೊಂದು ಎಂದು ಕೂಡಿಸಿದರೆ ಒಂಟಿ ಜನರ ಮಾತೇ ಜಾಸ್ತಿ ಆಗಿ, ತುಂಬಿದ ಮನೆಯವರ ಮಾತು ಕಳೆದುಹೋಗುತ್ತದೆ.

'ಸ್ವಂತ ಫೋನು' ಅನ್ನುವ ಮಾತೂ ಹಗುರವಲ್ಲ. ಒಬ್ಬ ಅಜ್ಜಿ ಬಿಸ್ಕತ್ತಿನ ಡಬ್ಬಿ ತೆಗೆದರು. ಅದರಲ್ಲಿ ಎಲೆಅಡಿಕೆ ಚೀಲ, ಪಾಸ್ ಪುಸ್ತಕ, ಕರವಸ್ತ್ರದಲ್ಲಿ ಸುತ್ತಿದ ಬಟನ್ ಫೋನು. "ಇದು ನಂದೇ. ಗೃಹಲಕ್ಷ್ಮಿ ದುಡ್ಡು ಬಂದ್ರೆ ಇದಕ್ಕೆ ಮೆಸೇಜು ಬರ್ತದೆ" ಅಂದರು. ಕೊಡಿಸಿದ್ದು ಮಗ. ಸಿಮ್ ಇರುವುದೂ ಮಗನ ಹೆಸರಲ್ಲಿ. ಹಾಗಾದರೆ ಫೋನು ಯಾರದು? ಕೈಪಿಡಿ ಸ್ಪಷ್ಟವಾಗಿ ಹೇಳುತ್ತದೆ: ಸಿಮ್ ಯಾರ ಹೆಸರಲ್ಲೇ ಇರಲಿ, ಸ್ವಂತ ಬಳಕೆಗೆ ಫೋನು ಇದ್ದು ಅದರಲ್ಲಿ ಚಾಲ್ತಿಯ ಸಿಮ್ ಇದ್ದರೆ ಅದು ಅವರದ್ದೇ. ಬರೀ ಸಿಮ್ ಇಟ್ಟುಕೊಂಡು ಬೇರೆಯವರ ಫೋನಿಗೆ ಹಾಕಿ ಮಾತಾಡುವವರು ಈ ಲೆಕ್ಕಕ್ಕೆ ಬರುವುದಿಲ್ಲ. ಅಜ್ಜಿಯ ಫೋನಿಗೆ ನನ್ನ ಫೋನಿನಿಂದ ಕರೆ ಮಾಡಿದೆ. ಹೋಗಲಿಲ್ಲ. ಕರೆನ್ಸಿ ಹಾಕಿಸಿ ಎಷ್ಟು ತಿಂಗಳಾಗಿತ್ತೋ ಯಾರಿಗೂ ನೆನಪಿರಲಿಲ್ಲ. ಅಜ್ಜಿ ದಿನಾ ಡಬ್ಬಿ ತೆಗೆದು ಮೆಸೇಜು ಬಂತಾ ಎಂದು ನೋಡುತ್ತಲೇ ಇದ್ದರು. ಅವತ್ತು 'ಇಲ್ಲ' ಎಂದು ಗುರುತು ಹಾಕುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಮಗನಿಗೆ ವಿಷಯ ಹೇಳಿಯೇ ಹೊರಟೆ.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಫೋನಿದೆ, ಪ್ಯಾಕಿದೆ, ಸಿಗ್ನಲ್ ಮಾತ್ರ ಮನೆಯಿಂದ ಅರ್ಧ ಮೈಲಿ ಮೇಲೆ, ಗುಡ್ಡದ ಬಂಡೆಯ ಹತ್ತಿರ. ಕೊರೋನಾ ವರ್ಷದಲ್ಲಿ ಮಕ್ಕಳು ಕೊಡೆ ಹಿಡಿದು ಅಲ್ಲಿಗೇ ಹೋಗಿ ಪಾಠ ಕೇಳಿದರು. ಈ ಮನೆಯಲ್ಲಿ ನೆಟ್ ಇದೆ ಎನ್ನಬೇಕಾ, ಇಲ್ಲ ಎನ್ನಬೇಕಾ? ಮನೆಯವರೆಲ್ಲರಿಗೂ ಯಾವ ಹೊತ್ತಿನಲ್ಲಿ ಬೇಕಾದರೂ ಸಿಗುವಂತಿದ್ದರೆ ಮಾತ್ರ ಅದು ಮನೆಯ ಸಂಪರ್ಕ. ರಾತ್ರಿ ಎಂಟಕ್ಕೆ ಹತ್ತನೇ ಕ್ಲಾಸಿನ ಹುಡುಗಿ ಗುಡ್ಡ ಹತ್ತುವುದಕ್ಕಾಗುತ್ತದಾ? ಅದಕ್ಕೆ ನಾವು ಎರಡು ಪ್ರಶ್ನೆ ಸೇರಿಸಿದೆವು: ಅಡುಗೆಮನೆಯಲ್ಲಿ ಕೂತರೆ ವಿಡಿಯೊ ಓಡುತ್ತಾ? ಓಡದಿದ್ದರೆ ಎಲ್ಲಿಗೆ ಹೋಗಬೇಕು, ಯಾರು ಹೋಗುತ್ತಾರೆ? ಎರಡನೆಯದಕ್ಕೆ ಬಂದ ಉತ್ತರಗಳಲ್ಲಿ ಹೆಂಗಸರ ಹೆಸರು ಬಲು ಕಮ್ಮಿ.

ನೆಟ್ ಬಳಸಿದ್ದೀರಾ ಅನ್ನುವುದನ್ನು 'ಕಳೆದ ಮೂರು ತಿಂಗಳಲ್ಲಿ' ಎಂದು ಕೇಳುವುದು ಕೈಪಿಡಿಯ ನಿಯಮ. ಯಾವತ್ತಾದರೂ ಎಂದು ಕೇಳಿದರೆ ಐದು ವರ್ಷದ ಹಿಂದೆ ತಮ್ಮನ ಮದುವೆಯಲ್ಲಿ ಒಂದ್ಸಲ ನೋಡಿದವರೂ ಹೌದು ಅನ್ನುತ್ತಾರೆ. ಆದರೆ ತಿಂಗಳು ಎಣಿಸಿ ಉತ್ತರ ಕೊಡುವವರು ಯಾರೂ ಇಲ್ಲ. ನಾವು ಹೋದದ್ದು ಜನವರಿ ಕೊನೆಗೆ. "ದೀಪಾವಳಿ ಆದ್ಮೇಲೆ ನೋಡಿದ್ದೀರಾ?" ಎಂದು ಕೇಳಿದೆವು. ಎಲ್ಲರಿಗೂ ತಟ್ಟನೆ ನೆನಪಾಯಿತು. ಹಾಗೆಯೇ "ಬರುತ್ತಾ?" ಎಂದು ಕೇಳಬಾರದು, "ಮಾಡಿದ್ದೀರಾ?" ಎಂದು ಕೇಳಬೇಕು. ಬರುತ್ತಾ ಅಂದರೆ ಹುಡುಗರು ಎಲ್ಲದಕ್ಕೂ ಹೂಂ ಅನ್ನುತ್ತಾರೆ, ಹೆಂಗಸರು ಬರುವುದನ್ನೂ ಇಲ್ಲ ಅನ್ನುತ್ತಾರೆ.

ಎಲ್ಲ ಮುಗಿದ ಮೇಲೆ ಹತ್ತರಲ್ಲಿ ಒಂದು ಮನೆಗೆ ನಾನೇ ಮತ್ತೆ ಹೋಗುತ್ತೇನೆ, ಫಾರಂ ಸರಿಯಾಗಿ ತುಂಬಿದ್ದಾರಾ ಎಂದು ನೋಡಲು. ಹೋದ ಸಲ ಹೀಗೆ ಹೋದಾಗ ಒಬ್ಬ ಸೊಸೆ ದನದ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಫಾರಂನಲ್ಲಿ ಅವಳಿಗೆ ಸ್ವಂತ ಫೋನಿಲ್ಲ, ನೆಟ್ ಬಳಸಿಲ್ಲ ಎಂದು ಇತ್ತು. ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದೆ. ಅವಳು ಹೊರಗೆ ಇಣುಕಿ ನೋಡಿ, "ಅವತ್ತು ಅತ್ತೆ ಎದುರಿಗೇ ಕೂತಿದ್ರು ಅಕ್ಕಾ" ಅಂದಳು. ಹುಲ್ಲಿನ ಅಟ್ಟದ ಮೇಲಿಂದ ಒಂದು ಸಣ್ಣ ಟಚ್ ಫೋನು ತೆಗೆದಳು. ತವರಿನಿಂದ ಅಮ್ಮ ಕೊಡಿಸಿದ್ದಂತೆ. ದಿನಾ ಸಂಜೆ ಅಮ್ಮನಿಗೆ ವಿಡಿಯೊ ಕಾಲ್ ಮಾಡುತ್ತಾಳೆ. "ಹೆಸರು ಬರೀಬೇಡಿ" ಅಂದಳು. ನಮ್ಮ ಫಾರಂನಲ್ಲಿ ಹೆಸರು ಇರುವುದೇ ಇಲ್ಲ, ನಂಬರು ಮಾತ್ರ ಎಂದು ತೋರಿಸಿದೆ. ಹಳೇ ಉತ್ತರ ಹೊಡೆದು, ಪಕ್ಕದಲ್ಲಿ ಹೊಸದು ಬರೆದು, ಸಣ್ಣದಾಗಿ ಸಹಿ ಹಾಕಿದೆ. ಅವಳು ಫೋನನ್ನು ಮತ್ತೆ ಹುಲ್ಲಿನೊಳಗೆ ಇಟ್ಟಳು.